ಇನ್ನು ಕಿಲೋಮೀಟರ್ ಲೆಕ್ಕವಿಲ್ಲ, ತಿಂಗಳ ಲೆಕ್ಕ: ಹಳೆಯ ಸ್ಪೋರ್ಟ್ಸ್ ಕಾರುಗಳ ಮಾಲೀಕರಿಗೆ ನಮ್ಮ ಪತ್ರ

ಕೋಡಿಬಾಗ, ಕಾರವಾರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ಅಕ್ಟೋಬರ್ 1ರಿಂದ ನಮ್ಮ ಗ್ಯಾರೇಜಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಸರ್ವಿಸ್ ಲೆಕ್ಕ ಬದಲಾಗುತ್ತದೆ. ಇಷ್ಟು ದಿನ ಮೀಟರ್ ನೋಡಿ, ಇನ್ನಿಷ್ಟು ಸಾವಿರ ಕಿಲೋಮೀಟರ್ ಓಡಿದ ಮೇಲೆ ಬನ್ನಿ ಎಂದು ಗಾಜಿನ ಮೂಲೆಗೆ ಚೀಟಿ ಅಂಟಿಸಿ ಕಳುಹಿಸುತ್ತಿದ್ದೆವು. ಇನ್ನು ಮುಂದೆ ಆ ಚೀಟಿಯಲ್ಲಿ ಕಿಲೋಮೀಟರ್ ಇರುವುದಿಲ್ಲ, ತಾರೀಖು ಇರುತ್ತದೆ. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಕಾರು ಓಡಿರಲಿ ಬಿಡಲಿ, ನಮ್ಮಲ್ಲಿಗೆ ಬರಬೇಕು. ರೇಸ್ ಟ್ರ್ಯಾಕ್‌ಗೆ ಒಯ್ಯುವ ಕಾರನ್ನು ಹೊರಡುವ ಮುನ್ನ ಒಮ್ಮೆ, ಮರಳಿದ ವಾರದೊಳಗೆ ಇನ್ನೊಮ್ಮೆ ತೋರಿಸಬೇಕು. ಇದಕ್ಕೆ ಒಪ್ಪುವವರ ಕಾರುಗಳನ್ನು ಮಾತ್ರ ನಾವು ಟ್ರ್ಯಾಕ್‌ಗೆ ಸಿದ್ಧಪಡಿಸಿ ಕೊಡುತ್ತೇವೆ.

ಈ ನಿರ್ಧಾರಕ್ಕೆ ಕಾರಣವಾದದ್ದು ನಮ್ಮದೇ ಒಂದು ತಪ್ಪು. ಅದನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಹಳೆಯ ಗ್ರಾಹಕರೊಬ್ಬರು ಇಪ್ಪತ್ತು ವರ್ಷ ದಾಟಿದ ತಮ್ಮ ಎರಡು ಸೀಟಿನ ಕಾರನ್ನು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಯ್ದಿದ್ದರು. ನಮ್ಮ ಕರಾವಳಿಯಲ್ಲಿ ಟ್ರ್ಯಾಕ್ ಇಲ್ಲ. 2.1 ಕಿಲೋಮೀಟರಿನ ಆ ಟ್ರ್ಯಾಕ್‌ಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯ 3.7 ಕಿಲೋಮೀಟರಿನ ಟ್ರ್ಯಾಕ್‌ಗೋ ಹೋಗಬೇಕೆಂದರೆ ನಮ್ಮವರು ಕಾರನ್ನು ದಿನವಿಡೀ ಓಡಿಸಿಕೊಂಡೇ ಹೋಗಬೇಕು, ಅದೇ ಕಾರಿನಲ್ಲಿ ಮರಳಬೇಕು. ಅಲ್ಲಿ ಕೊನೆಯ ಸುತ್ತುಗಳಲ್ಲಿ ಅವರ ಬ್ರೇಕ್ ಪೆಡಲ್ ಸ್ವಲ್ಪ ಆಳಕ್ಕೆ ಇಳಿಯಿತಂತೆ. ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ತುಳಿದಾಗ ಮತ್ತೆ ಗಟ್ಟಿಯಾಗಿತ್ತು. ಸರಿಹೋಯಿತೆಂದು ಮರುದಿನ ಊರಿಗೆ ಹೊರಟರು. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿಯುವಾಗ ಮುಂದೆ ಸಾಲು ಲಾರಿಗಳು. ಅವುಗಳ ಹಿಂದೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಕಾಯಿತು. ಒಂದು ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಅವರು ಧೈರ್ಯಗೆಡದೆ ಗೇರ್ ಇಳಿಸಿ, ಪೆಡಲನ್ನು ಪಟಪಟನೆ ತುಳಿದು, ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಬಿಡುತ್ತಾ ಗುಡ್ಡದ ಬದಿಗೆ ಕಾರು ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ಅವರ ಮಗಳಿದ್ದಳು. ಇಬ್ಬರಿಗೂ ಏನೂ ಆಗಲಿಲ್ಲ.

ನಾವು ಹೋಗಿ ಕಾರನ್ನು ತಂದೆವು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಂಡದ್ದು ಕಷಾಯದ ಬಣ್ಣ. ಹೊಸ ಬ್ರೇಕ್ ಆಯಿಲ್ ತಿಳಿಜೇನಿನ ಹಾಗಿರುತ್ತದೆ. ಆಮೇಲೆ ನಮ್ಮ ದಾಖಲೆ ಪುಸ್ತಕ ತೆಗೆದು ನೋಡಿದೆವು. ಬ್ರೇಕ್ ಆಯಿಲ್ ಬದಲಿಸಿ 19 ತಿಂಗಳಾಗಿತ್ತು, ಕಾರು ಓಡಿದ್ದು 3,100 ಕಿಲೋಮೀಟರ್ ಮಾತ್ರ. ನಮ್ಮ ಲೆಕ್ಕದಲ್ಲಿ ಎರಡು ವರ್ಷ ಅಥವಾ 20,000 ಕಿಲೋಮೀಟರ್‌ಗೆ ಅದರ ಸರದಿ. ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು, ತಪ್ಪಿದ್ದು ಪುಸ್ತಕದ ಲೆಕ್ಕವೇ. ಟ್ರ್ಯಾಕ್‌ಗೆ ಹೋಗುತ್ತಿದ್ದೇನೆಂದು ಅವರು ಹೇಳಿಯೇ ಹೋಗಿದ್ದರು. ಆಗಲೇ ನಾವು ಡಬ್ಬಿಯ ಮುಚ್ಚಳ ತೆಗೆದು ನೋಡಬೇಕಿತ್ತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ.

ಪೆಡಲ್ ಏಕೆ ಹಾಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಇದು ತಿಳಿದರೆ ನಮ್ಮ ಉಳಿದ ಮಾತೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ನಿಮ್ಮ ಕಾರುಗಳಲ್ಲಿರುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಡಬ್ಬಿಯ ಮುಚ್ಚಳದ ಸಂದಿನಿಂದ, ರಬ್ಬರ್ ಹೋಸ್‌ಗಳ ಮೂಲಕ ತೇವ ನಿಧಾನವಾಗಿ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದಾಗ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನಷ್ಟೇ. ಕುದಿಯುವ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಗ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಒತ್ತುವುದರಲ್ಲೇ ಕಳೆದುಹೋಗಿ ಚಕ್ರದವರೆಗೆ ತಲುಪುವುದೇ ಇಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ನಮ್ಮ ಗ್ರಾಹಕರಿಗೆ ಮೋಸವಾದದ್ದು ಇಲ್ಲಿಯೇ. ಒಮ್ಮೆ ಕುದಿದ ಆಯಿಲನ್ನು ಮತ್ತೆ ನಂಬಬಾರದು.

ಘಟ್ಟ ಇಳಿಯುವುದು ಟ್ರ್ಯಾಕ್‌ಗಿಂತ ಸೌಮ್ಯ ಎಂದು ಹಲವರು ತಿಳಿದಿದ್ದಾರೆ. ಬ್ರೇಕಿನ ಮಟ್ಟಿಗೆ ಅದು ನಿಜವಲ್ಲ. ಟ್ರ್ಯಾಕಿನಲ್ಲಿ ಜೋರಾಗಿ ತುಳಿದರೂ ಮುಂದಿನ ನೇರದಾರಿಯಲ್ಲಿ ಚಕ್ರದ ಬ್ರೇಕ್ ಡಿಸ್ಕ್‌ಗೆ ಗಾಳಿ ಬಡಿದು ಅದು ಆರುತ್ತದೆ. ಲಾರಿಯ ಹಿಂದೆ ಇಪ್ಪತ್ತರ ವೇಗದಲ್ಲಿ ಘಟ್ಟ ಇಳಿಯುವಾಗ ಶಾಖ ಏರುತ್ತಲೇ ಇರುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇವೆ: ದೇವಿಮನೆಯಿರಲಿ, ಅರಬೈಲಿರಲಿ, ಎರಡನೆಯ ಗೇರ್‌ಗೆ ಹಾಕಿ ಎಂಜಿನ್ನಿನಿಂದಲೇ ಕಾರನ್ನು ತಡೆಯಿರಿ. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಕಾಲನ್ನು ಅದರ ಮೇಲೆಯೇ ಇಟ್ಟುಕೊಳ್ಳಬೇಡಿ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇವೆ. ಕಾರು ಕಂಪನಿಗಳ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ದಿನವೂ ಓಡುವ ಕಾರಿಗೆ ಸರಿ. ನಿಮ್ಮಲ್ಲಿ ಹೆಚ್ಚಿನವರ ಕಾರು ಭಾನುವಾರ ಅಂಕೋಲೆಯವರೆಗೆ ಹೋಗಿ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆಯ ಕೆಳಗಿರುತ್ತದೆ. ಮೀಟರ್ ಏರದೆ ನಿಂತಿದೆಯೆಂದು ಕಾರು ಹಾಗೆಯೇ ಇರುವುದಿಲ್ಲ. ಸಮುದ್ರದಿಂದ ಕೂಗಳತೆಯ ದೂರದಲ್ಲಿ ನಾಲ್ಕು ತಿಂಗಳ ಮಳೆ, ಉಪ್ಪುಗಾಳಿ, ಬಟ್ಟೆಯೂ ಒಣಗದ ತೇವ ಇವೆಲ್ಲ ತಮ್ಮ ಕೆಲಸ ನಡೆಸಿಯೇ ಇರುತ್ತವೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಳ್ಳುತ್ತದೆ, ಡಿಸ್ಕಿನ ಅಂಚನ್ನು ತುಕ್ಕು ತಿನ್ನುತ್ತದೆ, ಬ್ಯಾಟರಿಯ ತುದಿಗೆ ಹಸಿರು ಕಿಲುಬು ಕೂರುತ್ತದೆ. ಕಳೆದ ವರ್ಷ ಒಂದು ತೆರೆದ ಟಾಪಿನ ಪೋರ್ಶೆ ಬಾಕ್ಸ್‌ಸ್ಟರ್ ಸ್ಟಾರ್ಟ್ ಆಗುತ್ತಿಲ್ಲವೆಂದು ಬಂತು. ಕಡಲತೀರದ ಗಾಳಿಮರಗಳ ಕೆಳಗೆ ನಿಲ್ಲಿಸಿದ್ದ ಕಾರು. ಟಾಪ್ ಮಡಚುವ ಜಾಗದ ಎರಡೂ ಬದಿಯಲ್ಲಿ ಮಳೆನೀರು ಹೊರಹೋಗುವ ಸಣ್ಣ ರಂಧ್ರಗಳಿವೆ. ಸೂಜಿಯಂಥ ಎಲೆಗಳು ಅಲ್ಲಿ ಗೂಡಿನ ಹಾಗೆ ಕಟ್ಟಿಕೊಂಡಿದ್ದವು. ನೀರು ಒಳಗೆ ನುಗ್ಗಿ ಸೀಟಿನ ಕೆಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ನೆನೆಸಿತ್ತು. ಬೆರಳಿನಲ್ಲಿ ತೆಗೆಯಬಹುದಾಗಿದ್ದ ಒಂದು ಹಿಡಿ ಎಲೆಗಾಗಿ ಆ ಮಾಲೀಕರು ತೆತ್ತ ಹಣ ನೆನೆದರೆ ಈಗಲೂ ಸಂಕಟವಾಗುತ್ತದೆ. ಮೇ ತಿಂಗಳ ತಪಾಸಣೆಯಲ್ಲಿ ಇಂಥ ರಂಧ್ರಗಳನ್ನೂ, ಮುಂದಿನ ಬಂಪರ್ ಹಿಂದಿನ ರೇಡಿಯೇಟರ್‌ಗಳ ಕಸವನ್ನೂ ತಪ್ಪದೆ ತೆಗೆಯುತ್ತೇವೆ.

ಪೆಟ್ರೋಲಿನದೂ ಅದೇ ಕಥೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಅದು ಕೂಡ ತೇವ ಎಳೆಯುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆದುವಾಗಿಸಿ ಬಿರುಕು ಬಿಡಿಸುತ್ತದೆ. ನಿಮ್ಮ ಕಾರುಗಳು ತಯಾರಾದ ಕಾಲದಲ್ಲಿ ಇಂಥ ಪೆಟ್ರೋಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಕೊಳೆಯಲು ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು, ಸೈಲೆನ್ಸರಿನೊಳಗೆ ನೀರು ನಿಲ್ಲುತ್ತದೆ. ಪೆಟ್ರೋಲ್ ಪೈಪುಗಳನ್ನು ಈ ಅಕ್ಟೋಬರ್ ತಪಾಸಣೆಯಲ್ಲಿ ಎಲ್ಲ ಕಾರುಗಳಲ್ಲೂ ನೋಡುತ್ತೇವೆ.

ಟೈರ್ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ನಮ್ಮ ಮಾತು ಕಹಿಯಾಗಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳ ಹೂವು ಹೊಸದರಂತೆ ಆಳವಾಗಿದ್ದರೂ ರಬ್ಬರ್ ಅಷ್ಟರಲ್ಲಿ ಕಲ್ಲಾಗಿರುತ್ತದೆ. ಉಗುರು ಒತ್ತಿ ನೋಡಿ, ಗುರುತೇ ಬೀಳುವುದಿಲ್ಲ. ಆರು ವರ್ಷ ದಾಟಿದ ಟೈರ್ ಇರುವ ಕಾರನ್ನು ಟ್ರ್ಯಾಕ್‌ಗೆ ನಾವು ಸಿದ್ಧಪಡಿಸಿ ಕೊಡುವುದಿಲ್ಲ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೂ ಅಷ್ಟೇ. ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಶಾಖ ಬೇಗನೆ ಆಯಿಲಿಗೆ ತಲುಪುತ್ತದೆ.

ಟ್ರ್ಯಾಕ್‌ಗೆ ಹೋಗುವವರು ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಟೈರ್ ಬಿಸಿಯಾದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ. ಹಾಗೆ ಏರಿದ್ದನ್ನು ನೀವು ಅಲ್ಲಿ ಬಿಡಿಸುತ್ತೀರಿ, ಸರಿಯೇ. ಸಂಜೆ ಹೊರಡುವ ಮುನ್ನ ಮತ್ತೆ ತುಂಬಿಸಿಕೊಳ್ಳುವುದನ್ನು ಮರೆಯುತ್ತೀರಿ. ತಣ್ಣಗಾದ ಮೆತ್ತನೆ ಟೈರಿನಲ್ಲಿ ಹೆದ್ದಾರಿಯ ವೇಗದಲ್ಲಿ ಊರಿಗೆ ಬರುವುದು ಟ್ರ್ಯಾಕಿನ ಯಾವ ತಿರುವಿಗಿಂತಲೂ ಅಪಾಯ. ಎಂಜಿನ್ ಆಯಿಲ್ ಮೇಲಿನ ಗೆರೆಯವರೆಗೆ ಇರಲಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದರೆ ಬೇರಿಂಗ್ ಉಳಿಯುವುದಿಲ್ಲ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಚಕ್ರದ ನಟ್‌ಗಳನ್ನು ಆರಿದ ಮೇಲೆ ಬಿಗಿ ಅಳೆಯುವ ಟಾರ್ಕ್ ಪಾನಾದಲ್ಲಿ ಮತ್ತೊಮ್ಮೆ ನೋಡಿ. ಪಾನಾ ಇಲ್ಲದವರಿಗೆ ನಮ್ಮದನ್ನೇ ಕೊಟ್ಟು ಕಳುಹಿಸುತ್ತೇವೆ. ಪೆಡಲ್ ಒಮ್ಮೆಯಾದರೂ ಆಳಕ್ಕೆ ಇಳಿದಿದ್ದರೆ ಅಲ್ಲಿಯೇ ಆಯಿಲ್ ಬದಲಿಸದೆ ಹೊರಡಬೇಡಿ. ಟ್ರ್ಯಾಕ್‌ಗೆ ಹೋಗುವ ಪ್ರತಿಯೊಬ್ಬರ ಡಿಕ್ಕಿಯಲ್ಲಿ ಸೀಲ್ ಒಡೆಯದ ಒಂದು ಡಬ್ಬಿ ಡಾಟ್ 4 ಇಟ್ಟು ಕಳುಹಿಸುವ ಜವಾಬ್ದಾರಿ ನಮ್ಮದು.

ಟ್ರ್ಯಾಕಿನಲ್ಲಿ ಮಾಡಿದ್ದನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾಡಿ ತೋರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಬಿಣಗಾದ ಸುರಂಗ ದಾಟಿದ ಮೇಲೆ ರಸ್ತೆ ಅಗಲವಾಗಿದೆ ಎನಿಸುತ್ತದೆ. ಅದೇ ರಸ್ತೆಯಲ್ಲಿ ಮೀನಿನ ಬುಟ್ಟಿ ಹೊತ್ತವರು, ಶಾಲೆ ಬಿಟ್ಟ ಮಕ್ಕಳು, ದನಗಳು ಎಲ್ಲರೂ ದಾಟುತ್ತಾರೆ.

ಇನ್ನು ಖರ್ಚಿನ ಮಾತು. ಕಾರು ಓಡಿಲ್ಲದಿರುವಾಗ ಸರ್ವಿಸ್ ಏಕೆ ಎಂದು ನೀವು ಕೇಳುವುದು ನ್ಯಾಯವೇ. ವರ್ಷಕ್ಕೆ ಎರಡು ಸಲ ಬಂದರೆ ನಿಮ್ಮ ಖರ್ಚು ಹೆಚ್ಚುತ್ತದೆ, ಹೆಚ್ಚುವುದಿಲ್ಲ ಎಂದು ನಾವು ಹೇಳುವುದಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಬ್ರೇಕ್ ಆಯಿಲ್ ಬದಲಿಸುವ ಕೂಲಿಯನ್ನು ನಾವು ತೆಗೆದುಕೊಳ್ಳುವುದಿಲ್ಲ, ಆಯಿಲಿನ ಬೆಲೆ ಮಾತ್ರ. ಟ್ರ್ಯಾಕ್‌ಗೆ ಮುಂಚಿನ ಮತ್ತು ಆಮೇಲಿನ ತಪಾಸಣೆಗೂ ಕೂಲಿಯಿಲ್ಲ. ಬಿಡಿಭಾಗ ಹಾಕಿದರೆ ಅದರ ಬಿಲ್ಲು, ಬಿಚ್ಚಿದ ಹಳೆಯ ಭಾಗ ಎರಡನ್ನೂ ನಿಮ್ಮ ಕೈಗೆ ಕೊಡುತ್ತೇವೆ. ಟೈಮಿಂಗ್ ಬೆಲ್ಟ್, ಕೂಲಂಟ್ ಇವುಗಳ ಲೆಕ್ಕವೂ ಇನ್ನು ವರ್ಷಗಳಲ್ಲೇ. ಈ ಪದ್ಧತಿ ಬೇಡವೆನ್ನುವವರ ಕಾರಿಗೆ ಸಾಮಾನ್ಯ ಸರ್ವಿಸ್ ಎಂದಿನಂತೆ ಸಿಗುತ್ತದೆ, ಟ್ರ್ಯಾಕ್ ಕೆಲಸ ಮಾತ್ರ ಇರುವುದಿಲ್ಲ.

ಒಂದು ದಿನಕ್ಕೆ ಒಂದೇ ಕಾರು ತೆಗೆದುಕೊಳ್ಳುತ್ತೇವೆ. ಹಾಗಾಗಿ ಶಿರಸಿ, ಕುಮಟಾ, ಕಾಣಕೋಣ ಕಡೆಯಿಂದ ಬರುವವರು ಮುಂಚಿತವಾಗಿ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಹಳೆಯ ಸರ್ವಿಸ್ ಪುಸ್ತಕ ತನ್ನಿ, ಕಿಲೋಮೀಟರ್ ಬರೆದ ಚೀಟಿ ತೆಗೆದು ತಾರೀಖಿನ ಚೀಟಿ ಅಂಟಿಸಿ ಕೊಡುತ್ತೇವೆ. ಅರಬೈಲಿನಲ್ಲಿ ಕಾರು ನಿಲ್ಲಿಸಿದ ಗ್ರಾಹಕರು ಅಕ್ಟೋಬರ್ 1ರ ಸರದಿ ತಮಗಿರಲಿ ಎಂದು ಕೇಳಿದ್ದಾರೆ, ಅದು ಅವರದೇ. 2ರಂದು ಗಾಂಧಿ ಜಯಂತಿ, ಗ್ಯಾರೇಜಿಗೆ ರಜೆ. 3ರಿಂದ ಮುಂದಿನ ದಿನಗಳು ಖಾಲಿ ಇವೆ.

ನಿಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಎಲ್ಲ ಕೆಲಸಗಾರರು