ಗಾಲಿ ಉರುಳಿಸಿ ನೋಡದೆ ಸಹಿ ಹಾಕಬೇಡಿ: ಅಗ್ನಿ ಸುರಕ್ಷತೆಯ ಹೊಣೆ ಹೊತ್ತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ಪರೀಕ್ಷಿಸುವುದು, ರೀಫಿಲ್ ಮಾಡುವುದು, ಅವನ್ನು ಬಳಸಲು ಜನರಿಗೆ ಕಲಿಸುವುದು ನನ್ನ ಕೆಲಸ. ಗೋಡೆಗೆ ನೇತುಹಾಕುವ ಕೆಂಪು ಸಿಲಿಂಡರ್ ಎಲ್ಲರಿಗೂ ಗೊತ್ತು. ಈ ಪತ್ರ ಅದರ ಬಗ್ಗೆ ಅಲ್ಲ. ಎರಡು ಗಾಲಿಗಳ ಮೇಲೆ ನಿಂತಿರುವ, ಉದ್ದನೆಯ ಹೋಸ್ ಸುತ್ತಿಟ್ಟಿರುವ ದೊಡ್ಡ ಸಿಲಿಂಡರ್ ಬಗ್ಗೆ. ನಾವು ಅದನ್ನು ಸುಮ್ನೆ ಟ್ರಾಲಿ ಅಂತೀವಿ.

ಮೊದಲೇ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ತಪಾಸಣೆಯ ನಮೂನೆಯಲ್ಲಿ ಸಾಮಾನ್ಯವಾಗಿ ಇರುವ ಪ್ರಶ್ನೆಗಳು ಇಷ್ಟೇ: ಸಿಲಿಂಡರ್ ಇದೆಯೇ, ಪ್ರೆಷರ್ ಸರಿ ಇದೆಯೇ, ಅವಧಿ ಮುಗಿದಿದೆಯೇ. ಟ್ರಾಲಿಗೆ ಇನ್ನೊಂದು ಪ್ರಶ್ನೆ ಸೇರಿಸಿ. ತಪಾಸಣೆಗೆ ಬಂದವರ ಎದುರೇ, ಆ ಜಾಗದಲ್ಲಿ ಕೆಲಸ ಮಾಡುವ ಒಬ್ಬರು ಅದನ್ನು ಇಟ್ಟ ಜಾಗದಿಂದ ಅಪಾಯದ ಜಾಗದವರೆಗೆ ಉರುಳಿಸಿಕೊಂಡು ಹೋಗಿ, ಹೋಸ್ ಪೂರ್ತಿ ಬಿಚ್ಚಿದರೇ? ಈ ಪ್ರಶ್ನೆಗೆ ‘ಹೌದು’ ಅನ್ನುವ ಉತ್ತರ ಸಿಗದೆ ಯಾವ ಪ್ರಮಾಣಪತ್ರಕ್ಕೂ ಸಹಿ ಬೀಳಬಾರದು.

ಇದು ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕಾದರೆ ಟ್ರಾಲಿ ಯಾಕೆ ಬೇಕು ಅನ್ನುವುದರಿಂದಲೇ ಶುರು ಮಾಡಬೇಕು.

ಕೈಯಲ್ಲಿ ಎತ್ತಿ ಓಡಬಹುದಾದ ಪೌಡರ್ ಸಿಲಿಂಡರ್, ಅಂದರೆ ಬೆಂಕಿ ಆರಿಸುವ ಪುಡಿ ತುಂಬಿದ್ದು, 6 ಕೆಜಿ, ಹೆಚ್ಚೆಂದರೆ 9 ಕೆಜಿಯದ್ದು (ಈ ಲೆಕ್ಕ ಒಳಗಿನ ಪುಡಿಯ ತೂಕ). ಹಿಡಿ ಒತ್ತಿದ ಮೇಲೆ ಅದು ಅರ್ಧ ನಿಮಿಷವೂ ಬರುವುದಿಲ್ಲ. ಕಸದ ಬುಟ್ಟಿಗೆ, ಸಣ್ಣ ಯಂತ್ರಕ್ಕೆ ಬೆಂಕಿ ಬಿದ್ದರೆ ಅಷ್ಟು ಸಾಕು. ಆದರೆ ಟ್ಯಾಂಕರ್ ಕೆಳಗೆ ಚೆಲ್ಲಿದ ಡೀಸೆಲ್ ಹೊತ್ತಿಕೊಂಡರೆ ಸಾಕಾಗುವುದಿಲ್ಲ. ಇಲ್ಲಿ ಹೆಚ್ಚಿನವರು ಒಂದು ಲೆಕ್ಕ ಹಾಕುತ್ತಾರೆ. 6 ಕೆಜಿಯ 8 ಸಿಲಿಂಡರ್ ಇಟ್ಟರೆ 48 ಕೆಜಿ ಆಯಿತಲ್ಲ, 50 ಕೆಜಿಯ ಟ್ರಾಲಿ ಯಾಕೆ ಬೇಕು ಅಂತ. ಕಾಗದದ ಮೇಲೆ ಲೆಕ್ಕ ಸರಿ. ಬೆಂಕಿಯ ಎದುರು ಅದು ತಪ್ಪು.

ಬೆಂಕಿ ಆರುವುದು ಒಟ್ಟು ಎಷ್ಟು ಪೌಡರ್ ಹಾಕಿದಿರಿ ಅನ್ನುವುದರಿಂದ ಮಾತ್ರ ಅಲ್ಲ. ಒಂದೊಂದು ಸೆಕೆಂಡಿಗೆ ಎಷ್ಟು ಹಾಕಿದಿರಿ ಅನ್ನುವುದರಿಂದ. ಉರಿಯುವ ಎಣ್ಣೆಯ ಹರವಿಗೆ ತಕ್ಕ ವೇಗದಲ್ಲಿ ಪೌಡರ್ ಬೀಳದಿದ್ದರೆ ಜ್ವಾಲೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏಳುತ್ತದೆ. ಮೊದಲ ಸಿಲಿಂಡರ್ ಖಾಲಿಯಾಗಿ ಎರಡನೆಯದು ಕೈಗೆ ಬರುವಷ್ಟರಲ್ಲಿ ಬೆಂಕಿ ಮತ್ತೆ ಮೊದಲಿನಷ್ಟೇ ಆಗಿರುತ್ತದೆ. ಹೀಗೆ ಒಂದಾದ ಮೇಲೆ ಒಂದರಂತೆ ಎಂಟೂ ಖಾಲಿಯಾಗಬಹುದು, ಬೆಂಕಿ ಮಾತ್ರ ಆರದೆ ಉಳಿಯಬಹುದು. ಟ್ರಾಲಿಯಲ್ಲಿ ಪೌಡರ್ ದಪ್ಪ ಹೋಸಿನಲ್ಲಿ, ಜಾಸ್ತಿ ವೇಗದಲ್ಲಿ, ನಡುವೆ ನಿಲ್ಲದೆ ಬರುತ್ತದೆ. ಸಣ್ಣ ಸಿಲಿಂಡರಿನ ಧಾರೆಗಿಂತ ಬಹಳ ದೂರ ಚಿಮ್ಮುತ್ತದೆ. ಎಣ್ಣೆ ಬೆಂಕಿಯ ಶಾಖಕ್ಕೆ ಮುಖ ಕೊಟ್ಟು ನಿಂತವರಿಗೆ ಆ ಕೆಲವು ಮೀಟರ್ ಅಂತರ ಎಷ್ಟು ದೊಡ್ಡದು ಅಂತ ಗೊತ್ತು.

ಯುರೋಪಿನ ಇಎನ್ 1866 ಮಾನದಂಡ ಈ ವರ್ಗವನ್ನು ಸರಳವಾಗಿ ಗುರುತಿಸುತ್ತದೆ. ಒಟ್ಟು ತೂಕ 20 ಕೆಜಿ ಮೀರಿರಬೇಕು, ಗಾಲಿ ಇರಬೇಕು, ಒಬ್ಬರೇ ಅದನ್ನು ಬೆಂಕಿಯ ಹತ್ತಿರ ಒಯ್ದು ಬಳಸುವಂತೆ ಇರಬೇಕು. ಈ ‘ಒಬ್ಬರೇ’ ಅನ್ನುವ ಮಾತನ್ನು ದಯವಿಟ್ಟು ಗಮನಿಸಿ. ಅಮೆರಿಕದ ಎನ್‌ಎಫ್‌ಪಿಎ 10 ಮಾನದಂಡವೂ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ: ಅಪಾಯ ಜಾಸ್ತಿ ಇರುವ ಕಡೆ, ಕೈಗೆ ಸಿಗುವ ಜನ ಕಡಿಮೆ ಇರುವ ಕಡೆ ಗಾಲಿಯ ಸಿಲಿಂಡರ್ ಬಗ್ಗೆ ಯೋಚಿಸಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವ ಇಂಧನ ಡಿಪೋದಲ್ಲಿ ಎಂಟು ಸಿಲಿಂಡರ್ ಹಿಡಿಯಲು ಎಂಟು ಜನ ಎಲ್ಲಿದ್ದಾರೆ?

ಈಗ ಅದು ಕೆಲಸ ಮಾಡುವ ಬಗೆ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ಕೇಳುತ್ತಿರುವ ಬದಲಾವಣೆಯ ಬೇರು ಇಲ್ಲೇ ಇದೆ.

ಪೌಡರ್ ಟ್ರಾಲಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪೌಡರ್ ಮತ್ತು ನೈಟ್ರೋಜನ್ ಒಂದೇ ಸಿಲಿಂಡರಿನೊಳಗೆ ಒತ್ತಡದಲ್ಲಿ ಇರುತ್ತವೆ. ಗೇಜಿನ ಮುಳ್ಳು ಹಸಿರಿನಲ್ಲಿದ್ದರೆ ಒತ್ತಡ ಸರಿ ಇದೆ ಅಂತ. ಇನ್ನೊಂದರಲ್ಲಿ ದೊಡ್ಡ ಸಿಲಿಂಡರಿನಲ್ಲಿ ಪೌಡರ್ ಮಾತ್ರ ಇರುತ್ತದೆ, ಒತ್ತಡ ಇರುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಗ್ಯಾಸ್ ಸಿಲಿಂಡರ್ ಇರುತ್ತದೆ, ಅದರಲ್ಲಿ ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್. ಅದರ ವಾಲ್ವ್ ತೆರೆದರೆ ಗ್ಯಾಸ್ ದೊಡ್ಡ ಸಿಲಿಂಡರಿಗೆ ನುಗ್ಗಿ, ಕೆಳಗೆ ಕೂತ ಪೌಡರನ್ನು ಸಡಿಲಿಸಿ, ಹೋಸಿನ ಕಡೆ ತಳ್ಳುತ್ತದೆ. ಒತ್ತಡ ಏರಲು ಕೆಲವು ಸೆಕೆಂಡು ಬೇಕು.

ಆ ಕೆಲವು ಸೆಕೆಂಡುಗಳಲ್ಲೇ ಜನ ಎಡವುವುದು. ತರಬೇತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ವಾಲ್ವ್ ತೆರೆದ ತಕ್ಷಣ ಹೋಸಿನ ತುದಿಯ ನಾಝಲ್ ಒತ್ತುತ್ತಾರೆ. ಧಾರೆ ಬಲವಿಲ್ಲದೆ ಬರುತ್ತದೆ. ‘ಇದು ಕೆಟ್ಟಿದೆ’ ಅಂದುಕೊಂಡು ಕೈಬಿಟ್ಟು ಓಡುತ್ತಾರೆ. ಸಿಲಿಂಡರ್ ಚೆನ್ನಾಗಿಯೇ ಇತ್ತು, ಕಾಯಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನು ಕೆಲವರು ಹೋಸನ್ನು ಸುತ್ತಿದ ಹಾಗೇ ಬಿಟ್ಟು ವಾಲ್ವ್ ತೆರೆಯುತ್ತಾರೆ. ಆಗ ಹೋಸ್ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒತ್ತಡಕ್ಕೆ ಎಗರಾಡುತ್ತದೆ. ಸರಿಯಾದ ಕ್ರಮ ಕಷ್ಟವೇನಲ್ಲ. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆಯಿಂದ ಹೋಗಬೇಕು. ಬೆಂಕಿಗಿಂತ ಹಲವು ಮೀಟರ್ ದೂರದಲ್ಲೇ ಟ್ರಾಲಿ ನಿಲ್ಲಿಸಬೇಕು. ಹೋಸ್ ಪೂರ್ತಿ ಎಳೆಯಬೇಕು. ಪಿನ್ ತೆಗೆದು ವಾಲ್ವ್ ತೆರೆದು, ಸ್ವಲ್ಪ ಕಾದು, ನಾಝಲನ್ನು ಗಟ್ಟಿಯಾಗಿ ಹಿಡಿದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಅತ್ತಿಂದಿತ್ತ ಬೀಸಬೇಕು. ಬೆಂಕಿ ಆರಿದ ಮೇಲೂ ಅದಕ್ಕೆ ಬೆನ್ನು ತೋರಿಸದೆ ಹಿಂದೆ ಸರಿಯಬೇಕು. ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿದವರಿಗೆ ನೆನಪಿರುತ್ತದೆ. ಗೋಡೆಯ ಮೇಲಿನ ಚಿತ್ರದಲ್ಲಿ ಓದಿದವರಿಗೆ ಆ ಗಾಬರಿಯಲ್ಲಿ ಏನೂ ನೆನಪಾಗುವುದಿಲ್ಲ.

ಬೆಂಕಿ ಆರಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಹೋಸಿನೊಳಗೆ ಪೌಡರ್ ಉಳಿದಿರುತ್ತದೆ. ಮಿಕ್ಕ ಗ್ಯಾಸಿನಿಂದ ಅದನ್ನು ಊದಿ ಖಾಲಿ ಮಾಡದಿದ್ದರೆ, ತೇವ ತಾಗಿದ ಸಿಮೆಂಟ್ ಚೀಲದ ಹಾಗೆ ಒಳಗೇ ಗಟ್ಟಿಯಾಗುತ್ತದೆ. ಮುಂದಿನ ಸಲ ಗೇಜ್ ಹಸಿರು ತೋರಿಸುತ್ತದೆ, ನಾಝಲಿನಿಂದ ಮಾತ್ರ ಏನೂ ಬರುವುದಿಲ್ಲ. ಗೇಜ್ ನೋಡಿ ಸಹಿ ಹಾಕುವ ತಪಾಸಣೆಗೆ ಇದು ಯಾವತ್ತೂ ಸಿಗುವುದಿಲ್ಲ.

ಪೌಡರಿನ ಮಿತಿಯನ್ನೂ ಹೇಳಬೇಕು. ಅದು ಉರಿಯ ರಾಸಾಯನಿಕ ಸರಪಳಿಯನ್ನು ತುಂಡು ಮಾಡುತ್ತದೆ, ಅದಕ್ಕೇ ಜ್ವಾಲೆ ಅಷ್ಟು ಬೇಗ ಬೀಳುತ್ತದೆ. ಆದರೆ ಅದು ತಂಪು ಮಾಡುವುದು ತೀರಾ ಕಡಿಮೆ. ಎಣ್ಣೆಯ ಪಕ್ಕದಲ್ಲಿ ಕಾದ ಕಬ್ಬಿಣ ಇದ್ದರೆ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಎಣ್ಣೆ ಹರಡುವ ಜಾಗಗಳಲ್ಲಿ ಪೌಡರ್ ಜೊತೆಗೆ ಫೋಮ್ ಟ್ರಾಲಿಯೂ ಇದ್ದರೆ ಒಳ್ಳೆಯದು. ಫೋಮ್ ಎಣ್ಣೆಯ ಮೇಲೆ ಹೊದಿಕೆಯಾಗಿ ಕೂತು ಆವಿಯನ್ನು ತಡೆಯುತ್ತದೆ. ಆಲ್ಕೋಹಾಲ್‌ನಂಥ ನೀರಿನಲ್ಲಿ ಬೆರೆಯುವ ದ್ರವಗಳಿಗೆ ಸಾಮಾನ್ಯ ಫೋಮ್ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಬಗೆಯ ಫೋಮ್ ಬೇಕು. ವಿದ್ಯುತ್ ಹರಿಯುವ ಕಡೆ ಫೋಮ್ ಬೇಡ. ಅಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಟ್ರಾಲಿ. ಬೂದಿ, ಪುಡಿ ಏನೂ ಉಳಿಯುವುದಿಲ್ಲ, ಯಂತ್ರ ಕೆಡುವುದಿಲ್ಲ. ಆದರೆ ಬಯಲಿನಲ್ಲಿ ಗಾಳಿ ಅದನ್ನು ಚದುರಿಸಿಬಿಡುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅಷ್ಟು ಗ್ಯಾಸ್ ಬಿಟ್ಟರೆ ಒಳಗಿರುವವರ ಉಸಿರು ಕಟ್ಟುತ್ತದೆ. ಕೋಣೆಯ ಅಳತೆ ಕೇಳದೆ ಇದನ್ನು ಇಡಿಸಬಾರದು.

ಲಿಥಿಯಂ ಬ್ಯಾಟರಿಗಳ ವಿಷಯ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬ್ಯಾಟರಿಯೊಳಗೆ ಶಾಖ ಸೆಲ್‌ನಿಂದ ಸೆಲ್‌ಗೆ ಹಬ್ಬುತ್ತಿದ್ದರೆ ಪೌಡರ್ ಟ್ರಾಲಿ ಹೊರಗಿನ ಜ್ವಾಲೆಯನ್ನು ಬೀಳಿಸಬಹುದು, ಒಳಗಿನ ಕಾವನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಬಹಳ ನೀರು, ಬಹಳ ಹೊತ್ತು ಬೇಕು. ವಾಹನ ಚಾರ್ಜ್ ಮಾಡುವ ಅಂಗಳದಲ್ಲಿ ಒಂದು ಟ್ರಾಲಿ ನಿಲ್ಲಿಸಿ ‘ವ್ಯವಸ್ಥೆ ಆಯಿತು’ ಅನ್ನುವುದನ್ನು ದಯವಿಟ್ಟು ಒಪ್ಪಬೇಡಿ. ಹಾಗೇ ಗ್ಯಾಸ್ ಪೈಪಿನಿಂದ ಚಿಮ್ಮುತ್ತಿರುವ ಬೆಂಕಿ. ಗ್ಯಾಸ್ ನಿಲ್ಲಿಸಲು ಆಗದಿದ್ದರೆ ಆ ಜ್ವಾಲೆಯನ್ನು ಆರಿಸಲೇಬಾರದು. ಆರಿಸಿದರೆ ಉರಿಯದ ಗ್ಯಾಸ್ ಸುತ್ತ ತುಂಬಿಕೊಂಡು, ಎಲ್ಲೋ ಒಂದು ಕಿಡಿಗೆ ಸ್ಫೋಟಿಸಬಹುದು. ದೊಡ್ಡ ಉಪಕರಣ ಕೈಯಲ್ಲಿದ್ದಾಗ ಈ ತಪ್ಪಿನ ಆಸೆಯೂ ಜಾಸ್ತಿ.

ಹಾಗಾದರೆ ಟ್ರಾಲಿ ಎಲ್ಲಿ ಬೇಕು? ವಿಮಾನ ನಿಲ್ಲುವ ಅಂಗಳ, ಹೆಲಿಪ್ಯಾಡ್, ಟ್ಯಾಂಕರ್‌ಗೆ ಇಂಧನ ತುಂಬುವ ಜಾಗ, ಪೇಂಟ್ ಮತ್ತು ದ್ರಾವಕಗಳ ಗೋದಾಮು, ದೊಡ್ಡ ಜನರೇಟರ್ ಕೋಣೆ, ಟ್ರಾನ್ಸ್‌ಫಾರ್ಮರ್ ಅಂಗಳ. ಸಮುದ್ರದ ಮೇಲೆ ಇದು ಹೊಸದೇನಲ್ಲ. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಬಾಯ್ಲರ್ ಕೋಣೆಗೆ ಸಾಮಾನ್ಯವಾಗಿ ಕನಿಷ್ಠ 135 ಲೀಟರಿನ ಫೋಮ್ ಉಪಕರಣ ಇರಬೇಕು, ಅದರ ಹೋಸ್ ಕೋಣೆಯ ಯಾವ ಮೂಲೆಗೂ ಮುಟ್ಟಬೇಕು ಅನ್ನುತ್ತದೆ. ಎಷ್ಟು ಲೀಟರ್ ಅಂತ ಹೇಳಿ ಸುಮ್ಮನಾಗದೆ, ಮುಟ್ಟಬೇಕು ಅಂತಲೂ ಹೇಳಿದೆ, ನೋಡಿ. ನೆಲದ ಮೇಲಿನ ನಮ್ಮ ನಿಯಮಗಳಿಗೂ ಬೇಕಾದದ್ದು ಆ ಎರಡನೆಯ ಮಾತು.

ಯಾಕೆಂದರೆ ನಾನು ಕೆಲಸಕ್ಕೆ ಹೋದ ಕಡೆಗಳಲ್ಲಿ ಕಂಡದ್ದು ಬೇರೆ. ಕಳ್ಳತನ ಆಗಬಾರದು ಅಂತ ಸರಪಳಿ ಹಾಕಿ ಬೀಗ ಜಡಿದ ಟ್ರಾಲಿ, ಕೀಲಿ ಇನ್ನೊಂದು ಕಟ್ಟಡದಲ್ಲಿ. ಮುಂದೆ ಸರಕಿನ ರಾಶಿ. ಗಾಳಿ ಇಳಿದ ಟೈರು, ತುಕ್ಕು ಹಿಡಿದು ತಿರುಗದ ಅಚ್ಚು. ಬಿಸಿಲಿಗೆ ಬಿರುಕು ಬಿಟ್ಟ ಹೋಸ್. ಸಿಲಿಂಡರ್ ಒಂದು ಕಡೆ, ಅಪಾಯ ಇನ್ನೊಂದು ಕಡೆ, ನಡುವೆ ಮೂರು ಮೆಟ್ಟಿಲು. ಪೂರ್ತಿ ತುಂಬಿದ 50 ಕೆಜಿಯ ಟ್ರಾಲಿ ಸಿಲಿಂಡರ್, ಚೌಕಟ್ಟು ಎಲ್ಲ ಸೇರಿ ಒಬ್ಬ ದೊಡ್ಡ ಮನುಷ್ಯನಷ್ಟೋ ಅದಕ್ಕಿಂತ ಜಾಸ್ತಿಯೋ ತೂಗುತ್ತದೆ. ಒಬ್ಬರು ಅದನ್ನು ಮೆಟ್ಟಿಲು ಹತ್ತಿಸಲಾರರು. ಎತ್ತರದ ಹೊಸ್ತಿಲೂ ಸಾಕು ನಿಲ್ಲಿಸಲು.

ಟ್ರಾನ್ಸ್‌ಫಾರ್ಮರ್ ಅಂಗಳದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸೋರಿದ ಎಣ್ಣೆ ಇಂಗಿಹೋಗಲಿ ಅಂತ ಅಲ್ಲಿ ಜಲ್ಲಿ ಹಾಸಿರುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ಸಣ್ಣ ಗಾಲಿ ಜಲ್ಲಿಯಲ್ಲಿ ಹೂತುಹೋಗುತ್ತದೆ. ಟ್ರಾಲಿ ತಂದಿಟ್ಟವರು ಇದನ್ನು ಯೋಚಿಸಿರುವುದಿಲ್ಲ, ಪರೀಕ್ಷಿಸಿದವರು ಉರುಳಿಸಿ ನೋಡಿರುವುದಿಲ್ಲ. ಅಲ್ಲಿಗೆ ದೊಡ್ಡ ವ್ಯಾಸದ ಗಾಲಿ ಬೇಕು, ಇಲ್ಲವೇ ಟ್ರಾಲಿ ನಿಲ್ಲಲು ಕಾಂಕ್ರೀಟಿನ ದಾರಿ ಮತ್ತು ಅಲ್ಲಿಂದ ಮುಟ್ಟುವಷ್ಟು ಉದ್ದದ ಹೋಸ್ ಬೇಕು. ಒಂದೇ ಒಂದು ಸಲ ಎಳೆದು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು, ಅಲ್ವಾ?

ಸಚಿವರೇ, ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಯಂತ್ರ ಬೇಡ. ಉರುಳಿಸಿ ನೋಡುವ ಪ್ರಶ್ನೆಯ ಜೊತೆಗೆ ನಮೂನೆಯಲ್ಲಿ ಎರಡು ಸಾಲು ಸೇರಬೇಕು: ಹೋಸಿನೊಳಗೆ ಪೌಡರ್ ಗಟ್ಟಿಯಾಗಿ ಕಟ್ಟಿಕೊಂಡಿಲ್ಲ ಅಂತ ಪರೀಕ್ಷಿಸಿದ್ದೀರಾ, ಪ್ರತಿ ಪಾಳಿಯಲ್ಲೂ ಟ್ರಾಲಿಯನ್ನು ನಿಜವಾಗಿ ಬಳಸಿ ಕಲಿತವರು ಒಬ್ಬರಾದರೂ ಇದ್ದಾರಾ. ತರಬೇತಿಗೆ ಹೊಸ ಪೌಡರ್ ಸುರಿಯಬೇಕಾಗಿಲ್ಲ. ರೀಫಿಲ್‌ಗೆ ಬರುವ ಟ್ರಾಲಿಗಳನ್ನು ಹೇಗೂ ಖಾಲಿ ಮಾಡಬೇಕು. ಆ ದಿನವೇ, ಆ ಜಾಗದ ಕೆಲಸಗಾರರ ಕೈಯಿಂದಲೇ, ಪೌಡರ್ ಚೆದುರಿದರೂ ತೊಂದರೆಯಾಗದ ಜಾಗದಲ್ಲಿ ಖಾಲಿ ಮಾಡಿಸಬಹುದು. ಸಿಲಿಂಡರ್ ರೀಫಿಲ್‌ಗೆ ಹೋಗಿರುವ ದಿನಗಳಿಗೆ ಬದಲಿ ಟ್ರಾಲಿ ಕೊಡುವುದನ್ನೂ ಕಡ್ಡಾಯ ಮಾಡಬೇಕು. ಆ ದಿನಗಳಲ್ಲಿ ಜಾಗ ಬರಿದಾಗಿರುವುದನ್ನು ನಾವು ನೋಡುತ್ತಲೇ ಇದ್ದೇವೆ.

ತಿದ್ದುಪಡಿಯ ಕರಡು ಸಿದ್ಧವಾದರೆ ಅದನ್ನು ಸಾರ್ವಜನಿಕರ ಮುಂದಿಡಿ. ಸಿಲಿಂಡರ್ ರೀಫಿಲ್ ಮಾಡುವವರು, ಡಿಪೋಗಳಲ್ಲಿ ರಾತ್ರಿ ಪಾಳಿ ಮಾಡುವವರು, ಅಗ್ನಿಶಾಮಕ ಠಾಣೆಗಳ ಸಿಬ್ಬಂದಿ, ಎಲ್ಲರೂ ಓದಿ ತಮ್ಮ ಅಭಿಪ್ರಾಯ ಬರೆಯುವಷ್ಟು ಸಮಯ ಕೊಡಿ. ನಾನಂತೂ ಖಂಡಿತ ಬರೆಯುತ್ತೇನೆ.

ಗೌರವದಿಂದ,
ಒಬ್ಬ ಅಗ್ನಿ ಸುರಕ್ಷತಾ ತಂತ್ರಜ್ಞ