ಅಪ್ಪಯ್ಯನಿಗೆ ಪೂರ್ತಿ ಓದಬೇಡ

ಇಸ್ತಾಂಬುಲ್
ಅಕ್ಟೋಬರ್ 14, ಮಂಗಳವಾರ

ಅಮ್ಮ,

ನಮಸ್ಕಾರ. ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಬರೆಯುವ ಹಾಗಿಲ್ಲ, ನೀನು ಮೊನ್ನೆಯೇ ಬರೆದುಬಿಟ್ಟಿದ್ದೀಯ.

ಫೋನ್ ಮಾಡಬಹುದಿತ್ತು. ಆದರೆ ಏನಾಗುತ್ತೆ ಅಂತ ನಿನಗೂ ಗೊತ್ತು. ಅಪ್ಪಯ್ಯ ಸ್ಪೀಕರ್ ಹಾಕಿಸುತ್ತಾರೆ, "ಏನಿಲ್ಲ ಮಾರಾಯ್ತಿ, ಚಪ್ಪಲಿ ಕಚ್ಚಿದ್ದು" ಅನ್ನುತ್ತಾರೆ, ಆಮೇಲೆ ಅಲ್ಲಿ ಊಟ ಹೇಗಿದೆ ಅಂತ ಶುರು ಮಾಡುತ್ತಾರೆ. ಅದಕ್ಕೇ ಈ ಕಾಗದ. ಪಚ್ಚು ಹತ್ತಿರ ಪ್ರಿಂಟ್ ತೆಗೆಸಿಕೊ. ಊಟದ ಸಂಗತಿ ಅಪ್ಪಯ್ಯನಿಗೆ ಓದಿ ಹೇಳು. ಕಾಲಿನ ಸಂಗತಿ ನಿನಗೆ ಮಾತ್ರ.

ಮನೆಯಲ್ಲಿ ಹೀಗಿರುವಾಗ ಇವರಿಬ್ಬರೂ ಊರು ಸುತ್ತುತ್ತಿದ್ದಾರೆ ಅಂತ ದೊಡ್ಡತ್ತೆ ಹೇಳೇ ಹೇಳುತ್ತಾರೆ. ಟಿಕೆಟ್ ಜುಲೈನಲ್ಲೇ ಮಾಡಿಸಿದ್ದು. ಬಿಟ್ಟರೆ ಒಂದು ಪೈಸೆ ವಾಪಸ್ ಬರುತ್ತಿರಲಿಲ್ಲ. ಶುಕ್ರವಾರ ಸ್ಟಟ್‌ಗಾರ್ಟಿಗೆ ಹಿಂದಿರುಗುತ್ತೇವೆ. ಇಷ್ಟು ಅವರಿಗೂ ಹೇಳು.

ಈಗ ಊಟ. ಮೊದಲ ರಾತ್ರಿ ಸರಿಯಾಗಿ ಟೋಪಿ ಹಾಕಿಸಿಕೊಂಡೆವು. ಹಾಗಿಯಾ ಸೋಫಿಯಾ ಹತ್ತಿರದ ಒಂದು ಕಡೆ, ಬಾಗಿಲಲ್ಲಿ ನಿಂತವನು "ಇಂಡಿಯಾ? ಶಾರುಖ್ ಖಾನ್!" ಅಂತ ಕೈ ಹಿಡಿದು ಕೂರಿಸಿದ. ಕೇಳದೆಯೇ ಬ್ರೆಡ್ಡು ಬಂತು, ಆಲಿವ್ ಬಂತು, ನಾಲ್ಕು ಬಟ್ಟಲು ಚಟ್ನಿ ಥರದ್ದು ಬಂತು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಬಿಲ್ಲಿನಲ್ಲಿ ಎಲ್ಲದಕ್ಕೂ ದುಡ್ಡು. ತಟ್ಟೆ ಚಮಚ ಇಟ್ಟಿದ್ದಕ್ಕೆ 'ಕುವೆರ್' ಅಂತ ಇನ್ನೊಂದಿಷ್ಟು. ನಮ್ಮ ಹೋಟೆಲಿನಲ್ಲಿ ಬಾಳೆಎಲೆ ಹಾಸಿದ್ದಕ್ಕೆ ಬೇರೆ ಬಿಲ್ ಮಾಡಿದರೆ ಹೇಗಿರುತ್ತೆ ಅಂತ ಅಪ್ಪಯ್ಯನ್ನ ಕೇಳು. ಬಿಲ್ಲಿಗೆ ಇಲ್ಲಿ 'ಹೆಸಾಪ್' ಅನ್ನುತ್ತಾರೆ. ನಮ್ಮ ಹಿಸಾಬೇ! ಇವರು ಅರ್ಧ ಗಂಟೆ ವಾದ ಮಾಡಿ ಕೊನೆಗೆ ಪೂರ್ತಿ ಕೊಟ್ಟು ಬಂದರು.

ನಮ್ಮಂಥ ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟ ಮಾಂಸದ್ದಲ್ಲ, ಮಾಂಸ ಬೇಯಿಸಿದ ನೀರಿನದು. ಅನ್ನ ನೋಡಿದರೆ ಬೆಳ್ಳಗಿರುತ್ತೆ. ಹುರುಳಿಕಾಯಿ ಪಲ್ಯದಲ್ಲಿ ಒಂದು ಚೂರೂ ಕಾಣಲ್ಲ. ಆದರೆ ಬೆಂದಿದ್ದು ಎಲುಬಿನ ಸಾರಿನಲ್ಲಿ. ಅದಕ್ಕೆ 'ಎತ್ ಸುಯು' ಅಂತ ಹೆಸರು. ಈ ಎರಡು ಮಾತು ಬಾಯಿಪಾಠ ಮಾಡಿಕೊಂಡು ಹೋದ ಕಡೆಯೆಲ್ಲ ಕೇಳುತ್ತೇನೆ. ಒಬ್ಬ ಎದೆ ಮುಟ್ಟಿಕೊಂಡು ಮಾಂಸ ಇಲ್ಲವೇ ಇಲ್ಲ ಅಂದ, ಆಮೇಲೆ ಕೋಳಿ ಇದೆ ಅಂದ. ನೀನು ಗಾಬರಿಯಾಗಬೇಡ, ತಿನ್ನಲಿಲ್ಲ.

ಅಪ್ಪಯ್ಯನಿಗೆ ಹೇಳಲೇಬೇಕಾದ್ದು ಚಿಯಾ ಸೊಫ್ರಾಸಿ ಅನ್ನುವ ಹೋಟೆಲು. ಸಮುದ್ರದ ಆಚೆ ದಡ, ಕಾದಿಕೊಯ್‌ನಲ್ಲಿದೆ. ಯುರೋಪಿನಲ್ಲಿ ಲಾಂಚ್ ಹತ್ತಿದರೆ ಅರ್ಧ ಗಂಟೆಯೊಳಗೆ ಏಷ್ಯಾದಲ್ಲಿ ಇಳಿಯುತ್ತೀವಿ, ಟಿಕೆಟ್ಟಿಗೆ ಬಸ್ಸಿನ ಕಾರ್ಡೇ ಸಾಕು. ಮೂಸಾ ದಾದೆವಿರೆನ್ ಅಂತ ಒಬ್ಬರು 1987ರಲ್ಲಿ ಮೊದಲು ಕಬಾಬ್ ಅಂಗಡಿ ಇಟ್ಟಿದ್ದಂತೆ. ಆಮೇಲೆ ಹಳ್ಳಿ ಹಳ್ಳಿ ತಿರುಗಿ, ಮುದುಕಿಯರ ಹತ್ತಿರ ಕೂತು, ಮರೆತುಹೋಗುತ್ತಿದ್ದ ಅಡುಗೆಗಳನ್ನೆಲ್ಲ ಕೇಳಿ ಬರೆದುಕೊಂಡು ಬಂದರು. ಅದನ್ನೇ ಇಲ್ಲಿ ಮಾಡಿ ಬಡಿಸುತ್ತಾರೆ. ಈಗ ದೇಶ ದೇಶದವರು ಹುಡುಕಿಕೊಂಡು ಬರುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಸಾದಾ ಮೇಜು, ಸಾದಾ ಕುರ್ಚಿ. ಸೀನಣ್ಣ ನೋಡಿದ್ದರೆ ಇದಕ್ಕಾ ಇಷ್ಟು ದೂರ ಬಂದದ್ದು ಅಂತಿದ್ದರು.

ಮೆನು ಓದುವ ತಾಪತ್ರಯ ಇಲ್ಲ. ಬಿಸಿ ಅಡುಗೆಯೆಲ್ಲ ಸಾಲಾಗಿ ಪಾತ್ರೆಗಳಲ್ಲಿರುತ್ತೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ತಣ್ಣನೆಯ ಪದಾರ್ಥಗಳನ್ನು ಮಾತ್ರ ನಾವೇ ತಟ್ಟೆಗೆ ಹಾಕಿಕೊಂಡು ಹೋಗಬೇಕು. ಅವರು ತಟ್ಟೆಯನ್ನು ತಕ್ಕಡಿ ಮೇಲಿಟ್ಟು ತೂಕ ನೋಡಿ ರೇಟು ಹಾಕುತ್ತಾರೆ! ಅಪ್ಪಯ್ಯನಿಗೆ ಈ ಐಡಿಯಾ ಹಿಡಿಸುತ್ತೆ, ಆದರೆ ನಮ್ಮಲ್ಲಿ ಮಾಡಿದರೆ ಗಿರಾಕಿಗಳು ಹೊಡೆಯುತ್ತಾರೆ. ನಾನು ಹಾಕಿಕೊಂಡಿದ್ದರಲ್ಲಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ್ದು ಒಂದು, ಪತ್ರೊಡೆಯ ದೂರದ ನೆಂಟ. ಇನ್ನೊಂದು ಗೋಣಿಸೊಪ್ಪಿಗೆ ಮೊಸರು, ಬೆಳ್ಳುಳ್ಳಿ ಕಲಸಿದ್ದು. ಬಾಯಿಗಿಟ್ಟ ತಕ್ಷಣ ತಂಬುಳಿ ಅಂದೆ. ಒಗ್ಗರಣೆ ಒಂದು ಇಲ್ಲ, ಅದೇ ಕೊರತೆ. ಹುಳಿಗೆ ದಾಳಿಂಬೆ ರಸ ಕಾಸಿ ಕಪ್ಪಗೆ ಮಾಡಿ ಇಟ್ಟಿರುತ್ತಾರೆ, ನೀನು ಉಪ್ಪಾಗೆ ಹುಳಿ ಕಾಸಿಡುತ್ತೀಯಲ್ಲ, ಆ ಥರ.

ಕೊನೆಗೆ ಸಿಹಿ. ಆಲಿವ್, ಟೊಮೇಟೊ, ಬದನೆಕಾಯಿ, ಎಳೇ ವಾಲ್‌ನಟ್, ಎಲ್ಲವನ್ನೂ ಸಕ್ಕರೆ ಪಾಕದಲ್ಲಿ ಹಾಕಿಟ್ಟಿದ್ದಾರೆ. ನಾವು ಕುಂಬಳಕಾಯಿಯದು ತೆಗೆದುಕೊಂಡೆವು. ಹೊರಗೆ ಗಾಜಿನ ಹಾಗೆ ಕಟ್ ಅನ್ನುತ್ತೆ, ಒಳಗೆ ಮೆತ್ತಗೆ. ಗುಟ್ಟೇನು ಗೊತ್ತಾ? ಮೊದಲು ಸುಣ್ಣದ ನೀರಲ್ಲಿ ನೆನೆಸಿಡುತ್ತಾರೆ. ಅಪ್ಪಯ್ಯನ ಎಲೆಅಡಿಕೆ ಡಬ್ಬಿಯ ಅದೇ ಸುಣ್ಣ. ಹಬ್ಬಕ್ಕೆ ಒಂದು ಸಲ ಮಾಡಿ ನೋಡು ಅಂತ ಬರೆಯೋಣ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ನಿನ್ನ ಮೆಸೇಜು ಬಂತು.

ಇಲ್ಲಿಂದ ಅಪ್ಪಯ್ಯನಿಗೆ ಓದಬೇಡ.

ನಮಗೆ ಎಂಟೂವರೆ, ನಿನಗೆ ಹನ್ನೊಂದು. ಅವರು ಮಲಗಿದ ಮೇಲೆ ಕೂತು ಟೈಪ್ ಮಾಡಿದ್ದೀಯ. ಮೂರು ವಾರದಿಂದ ಹೆಬ್ಬೆರಳಿನ ಗಾಯ ಒಣಗಿಲ್ಲ, ಅರಿಶಿನ ಎಣ್ಣೆ ಹಚ್ಚುತ್ತಿದ್ದೀರಿ, ಕೇಳಿದರೆ ನೋವೇ ಇಲ್ಲ ಅನ್ನುತ್ತಾರೆ. ಅಮ್ಮ, ನೋವಿಲ್ಲ ಅನ್ನೋದೇ ನನಗೆ ಹಿಡಿಸದ ಮಾತು. ಶುಗರ್ ಜಾಸ್ತಿ ವರ್ಷ ಇದ್ದರೆ ಕಾಲಿನ ನರಕ್ಕೆ ಸ್ಪರ್ಶವೇ ಹೋಗುತ್ತೆ. ಮೊಳೆ ಚುಚ್ಚಿದರೂ ಗೊತ್ತಾಗಲ್ಲ. ರಕ್ತ ಓಡಾಡೋದೂ ಕಡಿಮೆಯಾದರೆ ಗಾಯ ಮಾಯೋದಿಲ್ಲ. ಅದರ ಮೇಲೆ ಬೆಳಿಗ್ಗೆ ಐದಕ್ಕೆ ಬರಿಗಾಲಲ್ಲಿ ಅಡುಗೆಮನೆಯ ಒದ್ದೆ ನೆಲದ ಮೇಲೆ ನಿಲ್ಲುತ್ತಾರೆ. ದೀಪಾವಳಿ ಮುಗೀಲಿ, ಆಮೇಲೆ ನೋಡೋಣ ಅಂದರಂತೆ. ಹಬ್ಬದ ಗಿರಾಕಿ ಮುಖ್ಯವಾ, ಕಾಲು ಮುಖ್ಯವಾ?

ನಾಳೆಯೇ ಪಚ್ಚು ಕಾರಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ. ಊರಿನ ಕಾಂಪೌಂಡರ್ ಡ್ರೆಸಿಂಗ್ ಸಾಕು ಅಂದರೆ ಕೇಳಬೇಡ. ಮೂರು ತಿಂಗಳ ಸರಾಸರಿ ತೋರಿಸುವ ಆ ರಕ್ತ ಪರೀಕ್ಷೆ ಮಾಡಿಸು, ಹಳೇ ರಿಪೋರ್ಟುಗಳನ್ನೂ ತೆಗೆದುಕೊಂಡು ಹೋಗು. ಅವು ದೇವರ ಕೋಣೆಯ ಬೀರುವಿನಲ್ಲಿ ಪಂಚಾಂಗದ ಕೆಳಗಿವೆ. ದುಡ್ಡು ಇವತ್ತೇ ಪಚ್ಚು ಅಕೌಂಟಿಗೆ ಹಾಕಿದ್ದೇನೆ. ಎಷ್ಟು ಅಂತ ಅಪ್ಪಯ್ಯನಿಗೆ ಹೇಳಬೇಡ.

ಹೆದರಬೇಡ. ಹೆದರುವಂಥದ್ದು ಏನೂ ಇಲ್ಲ. ಬೇಗ ತೋರಿಸಿದರೆ ಎಷ್ಟೋ ಜನಕ್ಕೆ ಪೂರ್ತಿ ವಾಸಿಯಾಗುತ್ತೆ. ನಾನಂತೂ ಸ್ವಲ್ಪವೂ ಹೆದರಿಲ್ಲ. ರಾತ್ರಿ ಮೂರು ಸಲ ಎದ್ದು ಕೂತಿದ್ದೆ ಅಂತ ಇವರು ಫೋನಿನಲ್ಲಿ ಹೇಳಿದರೆ ನಂಬಬೇಡ, ಅದು ಟೀ ಜಾಸ್ತಿಯಾಗಿ.

ಟೀ ಅಂದಾಗ ನೆನಪಾಯ್ತು. ಇದನ್ನು ಅಪ್ಪಯ್ಯನಿಗೆ ಓದಬಹುದು. ನಾವು ಇಳಿದುಕೊಂಡಿರುವ ಕಡೆ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಲೊಕಾಂತಾ ಇದೆ. ನಮ್ಮ ಖಾನಾವಳಿ ಥರ, ಸುತ್ತಲಿನ ಅಂಗಡಿಯವರೇ ಗಿರಾಕಿಗಳು. ಬೆಳಿಗ್ಗೆ ಬೇಳೆಯ ಸೂಪು, ನಿಂಬೆಹಣ್ಣು ಹಿಂಡಿಕೊಂಡರೆ ಸಾಕ್ಷಾತ್ ತೊವ್ವೆ. (ಕೇಳಿದೆ, ಎತ್ ಸುಯು ಇಲ್ಲ.) ರೇಟಿನ ಬೋರ್ಡಿನ ಮೇಲೆ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್. ದೋಸೆಗೆ ಐದು ರೂಪಾಯಿ ಏರಿಸಲು ಆರು ತಿಂಗಳು ಯೋಚಿಸುವ ಅಪ್ಪಯ್ಯ ಇಲ್ಲಿ ಬದುಕಲ್ಲ. ಟೀಗೆ ಒಂದರ ಮೇಲೊಂದು ಎರಡು ಕೆಟಲ್. ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಬಿಸಿನೀರು. ಗಿರಾಕಿ ನೋಡಿ ಬೆರೆಸುತ್ತಾರೆ. ಹಾಲಿಲ್ಲ. ಸಣ್ಣ ನಡುವಿನ ಗಾಜಿನ ಲೋಟ, ಪಕ್ಕದಲ್ಲಿ ಎರಡು ಸಕ್ಕರೆ ತುಂಡು. ಟೀ ಸೊಪ್ಪು ಬೆಳೆಯೋದು ರಿಜೆ ಅನ್ನೋ ಕಡೆ, ಅಲ್ಲೂ ಆಗುಂಬೆ ಥರ ಬಿಡದೆ ಮಳೆಯಂತೆ.

ಗಲ್ಲಾದಲ್ಲಿ ಯಜಮಾನ, ಅಪ್ಪಯ್ಯನ ವಯಸ್ಸಿನವರೇ. ಒಂದು ಕಾಲು ಸ್ಟೂಲಿನ ಮೇಲೆ. ಓಡಾಡೋದೆಲ್ಲ ಮಗ. ನಿನ್ನೆ ದುಡ್ಡು ಕೊಡುವಾಗ ನಮ್ಮ ಹೋಟೆಲಿನ ಫೋಟೋ ತೋರಿಸಿದೆ, ಅಪ್ಪಯ್ಯ ಗಲ್ಲಾದಲ್ಲಿ ನಿಂತಿರೋದು. ಅವರಿಗೆ ಎಷ್ಟು ಖುಷಿ ಅಂತೀಯ! ಮಗನ ಮೊಬೈಲಿನಲ್ಲಿ ಅವರ ಭಾಷೆಗೆ ಬದಲಾಯಿಸಿಕೊಂಡು ಹೇಳಿದೆ, ಅಪ್ಪನಿಗೆ ಕಾಲಿನಲ್ಲಿ ಗಾಯ ಅಂತ. ಅವರು ತಮ್ಮ ಕಾಲು ತಟ್ಟಿ "ಶೆಕೆರ್" ಅಂದರು. ಸಕ್ಕರೆ ಅಂತ. ಕಾಯಿಲೆಗೆ ಇಲ್ಲೂ ಅದೇ ಹೆಸರು. ಆಮೇಲೆ ಸಾಕ್ಸ್ ಸ್ವಲ್ಪ ಇಳಿಸಿದರು. ಎಡಗಾಲಿಗೆ ಎರಡು ಬೆರಳಿಲ್ಲ, ಅಮ್ಮ. ಗಾಯ ಸಣ್ಣದಿತ್ತು, ನೋವಿರಲಿಲ್ಲ, ಸೀಸನ್ ಮುಗಿಯಲಿ ಅಂತ ಕಾದೆ ಅಂದರು.

ಈ ಸಾಲು ಅಪ್ಪಯ್ಯನಿಗೆ ಓದು. ಬೇರೆ ಏನು ಬಿಟ್ಟರೂ ಇದೊಂದನ್ನು ಓದು. ಇದು ನಾನು ಕಟ್ಟಿದ ಕತೆ ಅಂತಾರೆ, ಇವರನ್ನು ಕೇಳಿ, ಪಕ್ಕದಲ್ಲೇ ಇದ್ದರು.

ಟೀ ದುಡ್ಡು ತೆಗೆದುಕೊಳ್ಳಲಿಲ್ಲ. "ಗೆಚ್ಮಿಶ್ ಒಲ್ಸುನ್" ಅಂದರು. ಕಾಯಿಲೆಯವರಿಗೆ ಇಲ್ಲಿ ಹಾಗೆ ಹೇಳುತ್ತಾರೆ, ಕಳೆದುಹೋಗಲಿ ಅಂತ.

ಇವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಲಾಂಚಿಗೆ ಹೊತ್ತಾಯ್ತು. ಅಪ್ಪಯ್ಯನಿಗೆ ಒಳ್ಳೆಯ ಬೂಟು ತರುತ್ತೇನೆ, ಅಳತೆ ಪಚ್ಚು ಹತ್ತಿರ ಕಳಿಸು. ಎಡಗಾಲಿನದೂ ಬಲಗಾಲಿನದೂ ಬೇರೆ ಬೇರೆ ಅಳೆಯಲಿ. ಡಿಸೆಂಬರ್ ತನಕ ಕಾಯುವುದಿಲ್ಲ, ಬೇಕಾದರೆ ಈಗಲೇ ಬರುತ್ತೇನೆ, ರಜೆ ಇದೆ. ಮಣಿಪಾಲದಿಂದ ಹೊರಬಿದ್ದ ತಕ್ಷಣ ಒಂದು ಮಿಸ್ ಕಾಲ್ ಕೊಡು, ಎಷ್ಟು ಹೊತ್ತಾದರೂ. ದೊಡ್ಡತ್ತೆಗೆ ನಮಸ್ಕಾರ.

ಪುಟ್ಟಿ