ಗಾಂಜಾ, ವರ್ಣತಂತು ಮತ್ತು ನನ್ನ ಒಂದು ತಪ್ಪು

ಪೋಷಕರಿಗೆ ನಮಸ್ಕಾರ.

ಕಳೆದ ವಾರ ಹತ್ತನೇ ತರಗತಿಯಲ್ಲಿ ವರ್ಣತಂತುಗಳ ಪಾಠ ಮಾಡುತ್ತಿದ್ದೆ. ಅಂದರೆ ಕ್ರೋಮೋಸೋಮ್, ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ, ಜೀವಕೋಶದೊಳಗಿನ ಎಳೆಗಳು. ಮಾತು ಎಲ್ಲೆಲ್ಲೋ ಹೋಗಿ ಗಾಂಜಾಕ್ಕೆ ಬಂತು. "ಗಾಂಜಾ ಸೇದಿದರೆ ವರ್ಣತಂತುಗಳೇ ತುಂಡಾಗುತ್ತವೆ, ಮುಂದೆ ಹುಟ್ಟುವ ಮಕ್ಕಳಿಗೂ ಊನ" ಎಂದುಬಿಟ್ಟೆ. ನಾನು ಕಾಲೇಜಿನಲ್ಲಿದ್ದಾಗ ಕೇಳಿದ ಮಾತು ಅದು. ಮಾರನೇ ದಿನ ಒಬ್ಬ ವಿದ್ಯಾರ್ಥಿನಿ ಬಂದು, "ಸಾರ್, ಅದು ಹಾಗಲ್ಲವಂತೆ" ಎಂದಳು. ಕೂತು ಓದಿದೆ. ಅವಳದ್ದೇ ಸರಿ.

ಆ ಮಾತಿಗೆ ಬುಡ ಇಲ್ಲದೇ ಇಲ್ಲ. 1974ರಲ್ಲಿ ಅಮೆರಿಕದ ಯೂಟಾದಲ್ಲಿ ಗಾಂಜಾ ಸೇದುವ 49 ಜನರ ರಕ್ತ ಪರೀಕ್ಷಿಸಿದರು. 100 ಜೀವಕೋಶಕ್ಕೆ 3.4ರಂತೆ ವರ್ಣತಂತು ಮುರಿದಿದ್ದವು. ಸೇದದವರಲ್ಲಿ ಅದು 1.2. ನೋಡಿ, ಸೇದದವರಲ್ಲೂ ಮುರಿಯುತ್ತವೆ! ಸೇದುವವರು ಬೇರೆ ಏನೇನು ತೆಗೆದುಕೊಂಡಿದ್ದರೋ ಯಾರಿಗೆ ಗೊತ್ತು? ಗಾಂಜಾದ ಅಂಶ ಕೊಡುವ ಮೊದಲು ಮತ್ತು ಆಮೇಲೆ ರಕ್ತ ನೋಡಿದ ಬೇರೆ ಸಂಶೋಧಕರಿಗೆ ಇಂಥ ಹೆಚ್ಚಳ ಕಾಣಲಿಲ್ಲ. 1982ರಲ್ಲಿ ಅಮೆರಿಕದ ವೈದ್ಯಕೀಯ ಸಲಹಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲವನ್ನೂ ತೂಗಿ ನೋಡಿ, ಗಾಂಜಾ ಬಹುಶಃ ವರ್ಣತಂತು ಮುರಿಯುವುದಿಲ್ಲ ಎಂದು ಹೇಳಿತು. ಹಾಗಂತ ಹೊಗೆ ಒಳ್ಳೆಯದಲ್ಲ. ಪ್ರಯೋಗಾಲಯದಲ್ಲಿ ಆ ಹೊಗೆಯ ಟಾರು, ಅಂದರೆ ಅದರ ಜಿಗುಟು ಅಂಶ, ಬ್ಯಾಕ್ಟೀರಿಯಾಗಳ ಜೀನ್ ಕೆಡಿಸಿದೆ, ಬೀಡಿ ಸಿಗರೇಟಿನ ಹೊಗೆಯ ಹಾಗೇ.

ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಹಿಂದಿನ ಬೆಂಚಿನವನೊಬ್ಬ, "ಹಾಗಾದ್ರೆ ಏನೂ ಆಗಲ್ಲ ಅಲ್ವಾ ಸಾರ್?" ಎಂದ. ನನಗೆ ಭಯ ಇದ್ದದ್ದು ಇದಕ್ಕೇ. ಒಂದು ಸುಳ್ಳು ಸಿಕ್ಕಿದರೆ ಮಕ್ಕಳು ಉಳಿದ ನಿಜವನ್ನೂ ಬಿಸಾಡುತ್ತಾರೆ.

ನಿಜ ಇರುವುದು ಮಿದುಳಿನಲ್ಲಿ. ನಮ್ಮ ಮಿದುಳು ತಾನೇ ತಯಾರಿಸುವ ಒಂದು ರಾಸಾಯನಿಕವಿದೆ, ಆನಂದಮೈಡ್. ನಮ್ಮ 'ಆನಂದ'ದಿಂದಲೇ ಬಂದ ಹೆಸರು. ಗಾಂಜಾದಲ್ಲಿ ಅಮಲು ಏರಿಸುವ ಅಂಶವಾದ ಟಿಎಚ್‌ಸಿ ಅದರ ಜಾಗದಲ್ಲೇ ಹೋಗಿ ಕೂರುತ್ತದೆ. ಇಪ್ಪತ್ತು ದಾಟಿದ ಮೇಲೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಹದಿನೈದರಲ್ಲೇ ಶುರುಮಾಡಿ ಜಾಸ್ತಿ ಸೇದುವವರಲ್ಲಿ ನೆನಪು, ಗಮನ ಕುಗ್ಗುತ್ತವೆ. ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆಯ ಅಪಾಯವೂ ಹೆಚ್ಚು. ಮನೆಯಲ್ಲಿ ಹೇಳುವುದಾದರೆ ದಯವಿಟ್ಟು ಇದನ್ನು ಹೇಳಿ, ವರ್ಣತಂತು ಬೇಡ.

ಮಗುವಿನ ಬ್ಯಾಗಿನಲ್ಲಿ ಏನಾದರೂ ಸಿಕ್ಕರೆ ಹೊಡೆಯಬೇಡಿ. 14446ಕ್ಕೆ ಕರೆ ಮಾಡಿ, ವ್ಯಸನ ಬಿಡಿಸುವ ಉಚಿತ ಸಹಾಯವಾಣಿ ಅದು. ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ನನ್ನ ಕೊಠಡಿಗೆ ಬನ್ನಿ. ವಿಷಯ ಸ್ಟಾಫ್ ರೂಮಿಗೂ ಹೋಗುವುದಿಲ್ಲ, ಟಿಸಿಯಲ್ಲೂ ಬರುವುದಿಲ್ಲ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯ